ಹಳೇ ಗೇಮಿನ ರಾಗ ಯಾಕೆ ಬಾಯಿಂದ ಹೋಗಲ್ಲ?

ಪ್ರಶ್ನೆ: ಮಗ ಫೈನಲ್ ಫ್ಯಾಂಟಸಿ 6 ಅನ್ನೋ ಹಳೇ ಗೇಮ್ ಆಡುತ್ತಾನೆ. ಅಡುಗೆಮನೆಯಿಂದ ಕೇಳಿಸಿಕೊಂಡ ರಾಗವನ್ನೇ ನಾನು ದಿನವೆಲ್ಲ ಗುನುಗುತ್ತೇನೆ. ಹೊಸ ಗೇಮ್‌ಗಳದ್ದು ಹೀಗೆ ಉಳಿಯೋದಿಲ್ಲ, ಯಾಕೆ?
– ಓದುಗರೊಬ್ಬರು, ಮದ್ದೂರು

ಉತ್ತರ: ನನಗೂ ಪ್ರಾಣ ಆ ಸಂಗೀತ. 1994ರ ಗೇಮ್ ಅದು, ಸಂಗೀತ ಜಪಾನಿನ ನೊಬುವೊ ಉಎಮಾತ್ಸು ಅವರದು. ಆಗಿನ ಸೂಪರ್ ನಿಂಟೆಂಡೊ ಅನ್ನೋ ಗೇಮ್ ಯಂತ್ರದಲ್ಲಿ ಒಂದೇ ಸಲಕ್ಕೆ 8 ಸದ್ದುಗಳಷ್ಟೇ ಹೊರಡುತ್ತಿದ್ದವು, ಸದ್ದಿಗೆ ಇದ್ದ ಮೆಮೊರಿ ಬರೀ 64 ಕಿಲೋಬೈಟ್, ಕತ್ತಿಯ ಏಟು, ಬಾಗಿಲ ಸದ್ದು ಎಲ್ಲವೂ ಅಷ್ಟರಲ್ಲೇ ಆಗಬೇಕು. ಅಬ್ಬರಕ್ಕೆ ಜಾಗವೇ ಇರಲಿಲ್ಲ. ಮಟ್ಟು ಗಟ್ಟಿ ಇರಲೇಬೇಕಿತ್ತು.

ಇನ್ನೊಂದು ಕಾರಣ ನಿಮಗೆ ಬೇಗ ಅರ್ಥವಾಗುತ್ತೆ. ನಿಮ್ಮ ಕಡೆ ಕುರುಕ್ಷೇತ್ರ ನಾಟಕದಲ್ಲಿ ಹಾರ್ಮೋನಿಯಂ ಮೇಷ್ಟ್ರು ಮಟ್ಟು ಎತ್ತಿದ ಕೂಡಲೇ ಈಗ ಯಾರು ಬರ್ತಾರೆ ಅಂತ ಜನಕ್ಕೆ ಗೊತ್ತಾಗುತ್ತೆ ಅಲ್ವಾ? ಇಲ್ಲೂ ಹಾಗೇ, ಪಾತ್ರಕ್ಕೊಂದು ರಾಗ. ಟೆರ್ರಾಗೆ ಒಂದು ರಾಗ, ಸೆಲೆಸ್‌ಗೆ ಒಂದು, ದುಷ್ಟ ಕೆಫ್ಕಾಗೆ ಇನ್ನೊಂದು. ಅವೇ ಮತ್ತೆ ಮತ್ತೆ ಬರುತ್ತವೆ, ಒಮ್ಮೆ ಮೆತ್ತಗೆ, ಒಮ್ಮೆ ಜೋರಾಗಿ, ಕೊನೆಗೆ 20 ನಿಮಿಷಕ್ಕೂ ಜಾಸ್ತಿ ಇರುವ ಮುಕ್ತಾಯದ ಸಂಗೀತದಲ್ಲಿ ಒಂದರ ಹಿಂದೆ ಒಂದು ಕೇಳಿಸುತ್ತವೆ. ಅಲ್ಲಿ ನನಗೆ ಪ್ರತಿ ಸಲವೂ ಕಣ್ಣು ತುಂಬುತ್ತೆ.

ಗೇಮಿನಲ್ಲಿ ಆಪೆರಾ, ಅಂದರೆ ಹಾಡಿನಲ್ಲೇ ನಡೆಯುವ ಪಾಶ್ಚಾತ್ಯ ನಾಟಕದ ದೃಶ್ಯ ಬಂದಾಗ ಒಲೆ ಆರಿಸಿ ಮಗನ ಪಕ್ಕ ಕೂತುಕೊಳ್ಳಿ. ಮೂಲ ಗೇಮಿನಲ್ಲಿ ಹಾಡುವವರ ದನಿ ತುಂಬಿಸೋಕೆ ಜಾಗ ಇರಲಿಲ್ಲ, ಹಾಡಿನ ಮಾತು ಪರದೆ ಮೇಲೆ ಅಕ್ಷರವಾಗಿ ಬರುತ್ತೆ, ದನಿಯ ಬದಲು ಯಂತ್ರದ ಸದ್ದು. ಆದರೂ ಸೆಲೆಸ್ ಹಾಡುತ್ತಿದ್ದಾಳೆ ಅಂತಲೇ ಅನ್ನಿಸುತ್ತೆ.