ಕೆರೆ ಏರಿ ಮೇಲಕ್ಕೆ ಯಾವ ಕ್ಯಾಮೆರಾ?

ಪ್ರಶ್ನೆ: ಸಾರ್ ನಮಸ್ಕಾರ. ನಾನು ಶಿರಾ ತಾಲ್ಲೂಕಿನ ಒಂದು ಸರ್ಕಾರಿ ಪ್ರೈಮರಿ ಸ್ಕೂಲಲ್ಲಿ ಮೇಷ್ಟ್ರು. ಎರಡು ವರ್ಷದಿಂದ ಹಕ್ಕಿ ನೋಡೋ ಹುಚ್ಚು ಹತ್ತಿದೆ, ದಿನಾ ಸ್ಕೂಲಿಗೆ ಹೋಗೋಕ್ ಮುಂಚೆ ಕೆರೆ ಏರಿ ಮೇಲೆ ಒಂದು ರೌಂಡ್ ಹೋಗ್ತೀನಿ, ಫೋಟೋ ತೆಗೆದು ಮಕ್ಕಳಿಗೂ ತೋರಿಸ್ಬೇಕು ಅಂತ ಆಸೆ. 60 ಸಾವಿರ ಕೂಡಿಟ್ಟಿದೀನಿ. ಒಬ್ರು ಸೂಪರ್‌ಜೂಮ್, ಅಂದ್ರೆ ದೊಡ್ಡ ಜೂಮಿನ ಲೆನ್ಸು ಬಾಡಿಗೇ ಸೇರ್ಕೊಂಡಿರೋ ಕ್ಯಾಮೆರಾ, ತಗೊಳ್ಳಿ ಅಂತಾರೆ, ಇನ್ನೊಬ್ರು ಅದು ಆಟದ ಸಾಮಾನು, ಲೆನ್ಸ್ ಬದಲಾಯಿಸೋ ಕ್ಯಾಮೆರಾನೇ ತಗೊಳ್ಳಿ ಅಂತಾರೆ. ನೀವೇ ಹೇಳಿ.

ಉತ್ತರ: ಮೇಷ್ಟ್ರೇ, ಮೊದ್ಲೇ ಹೇಳ್ಬಿಡ್ತೀನಿ, ನಿಮಗೆ ಸೂಪರ್‌ಜೂಮೇ ಸರಿ. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಹೇಳ್ತೀನಿ, ಯಾಕಂದ್ರೆ ಆಟದ ಸಾಮಾನು ಅನ್ನೋ ಮಾತು ನಾನೂ ತುಂಬಾ ಸಲ ಕೇಳಿದೀನಿ, ಅದು ಅರ್ಧ ಮಾತ್ರ ನಿಜ.

ನಿಮ್ಮ ಹಕ್ಕಿಗಳು ಎಲ್ಲಿ ಕೂತಿರ್ತವೆ ನೋಡಿ. ನಾಮದ ಕೋಳಿ, ಬಾತು ಎಲ್ಲಾ ಕೆರೆ ಮಧ್ಯದಲ್ಲಿ, ಮಿಂಚುಳ್ಳಿ ಆ ಕಡೆ ದಡದ ಜಾಲಿ ಮೇಲೆ, ನೀವು ಈ ಕಡೆ ಏರಿ ಮೇಲೆ, ನಡುವೆ ನೀರು, ಹತ್ತಿರ ಹೋಗೋ ಮಾತೇ ಇಲ್ಲ. ಅಲ್ಲಿ ಬೇಕಾಗಿರೋದು ದೂರ ಎಳ್ಕೊಳ್ಳೋ ಶಕ್ತಿ. ನಿಕಾನ್ ಪಿ900 ಅಂತ 2015ರಲ್ಲಿ ಬಂತಲ್ಲ, ಅದರ ಜೂಮ್ ಹಳೇ ಫಿಲ್ಮ್ ಕ್ಯಾಮೆರಾ ಲೆಕ್ಕದಲ್ಲಿ 24ರಿಂದ 2000 ಮಿಲಿಮೀಟರ್‌ಗೆ ಸಮ (ಈ ನಂಬರ್ ದೊಡ್ಡದಾದಷ್ಟೂ ದೂರದ್ದು ಹತ್ತಿರ ಕಾಣತ್ತೆ), ತೂಕ 899 ಗ್ರಾಂ, ಅಂದ್ರೆ ಒಂದು ಕೇಜಿ ಒಳಗೆ. ಆಮೇಲೆ 2020ರಲ್ಲಿ ಬಂದ ಪಿ950ರಲ್ಲೂ ಅಷ್ಟೇ ಜೂಮು, ಜೊತೆಗೆ ರಾ ಫೈಲ್, ಅಂದ್ರೆ ಆಮೇಲೆ ಕಂಪ್ಯೂಟರಲ್ಲಿ ತಿದ್ದೋಕೆ ಅನುಕೂಲವಾದ ಕಚ್ಚಾ ಫೈಲ್, ಸಿಗತ್ತೆ, ಪಿ900ರಲ್ಲಿ ಅದಿಲ್ಲ. ಇನ್ನೂ ಹಗುರ ಬೇಕು ಅಂದ್ರೆ ಕ್ಯಾನನ್ ಎಸ್‌ಎಕ್ಸ್70, 610 ಗ್ರಾಂ, ಜೂಮ್ 1365 ಮಿಲಿಮೀಟರ್ ವರೆಗೆ. ಬ್ಯಾಗಲ್ಲಿ ಟಿಫನ್ ಡಬ್ಬಿ ಪಕ್ಕ ಹಿಡಿಸತ್ತೆ, ದಿನಾ ಗಾಡೀಲಿ ಜೊತೆಗೇ ಬರತ್ತೆ. ನಿಮ್ಮಂಥವರಿಗೆ ಇದೇ ದೊಡ್ಡ ವಿಷಯ, ಯಾಕಂದ್ರೆ ಭಾನುವಾರ ಮಾತ್ರ ಹೊರಗೆ ಬರೋ ಭಾರಿ ಕ್ಯಾಮೆರಾಕ್ಕಿಂತ ವಾರದಲ್ಲಿ ಆರು ದಿನ ಹೆಗಲ ಮೇಲಿರೋ ಕ್ಯಾಮೆರಾಕ್ಕೆ ಜಾಸ್ತಿ ಹಕ್ಕಿ ಸಿಗ್ತವೆ.

ಈಗ ಲೆನ್ಸ್ ಬದಲಾಯಿಸೋ ಕ್ಯಾಮೆರಾ ತಗೊಂಡ್ರೆ ಏನಾಗತ್ತೆ ಅಂತ ಲೆಕ್ಕ ಹಾಕೋಣ. ದೂರದ ಹಕ್ಕಿಯಿಂದ ಎಷ್ಟು ಬೆಳಕು ಒಳಗೆ ಬರತ್ತೆ ಅನ್ನೋದು ಲೆನ್ಸಿನ ಬಾಯಿ ಎಷ್ಟು ಅಗಲ ಅನ್ನೋದರ ಮೇಲೆ ನಿಂತಿದೆ, ಮಳೆಗೆ ಚೊಂಬು ಇಟ್ರೆ ಬೇರೆ, ಕೊಳಗ ಇಟ್ರೆ ಬೇರೆ, ಹಾಗೆ. ಲೆನ್ಸಿನ ಮೇಲೆ ಬರೆದಿರೋ ನಿಜವಾದ ಫೋಕಲ್ ಲೆಂತನ್ನ (ಮೇಲೆ ಹೇಳಿದ 2000ದಂಥ ‘ಸಮ’ ನಂಬರಲ್ಲ) ಅಲ್ಲೇ ಬರೆದಿರೋ ಎಫ್ ನಂಬರಿಂದ ಭಾಗಿಸಿದ್ರೆ ಆ ಅಗಲ ಸಿಗತ್ತೆ. ಪಿ900ರ ನಿಜವಾದ ಫೋಕಲ್ ಲೆಂತ್ ಪೂರ್ತಿ ಜೂಮಲ್ಲಿ 357 ಮಿಲಿಮೀಟರ್, ಎಫ್ 6.5, ಭಾಗಿಸಿದ್ರೆ 55 ಮಿಲಿಮೀಟರ್. ಕ್ಯಾನನ್ನಿನ ಆರ್‌ಎಫ್ 100-400 ಅನ್ನೋ ಹಗುರ ಲೆನ್ಸು, 400ರಲ್ಲಿ ಎಫ್ 8, ಭಾಗಿಸಿದ್ರೆ 50. ಅಂದ್ರೆ ಆ ದಡದ ಮಿಂಚುಳ್ಳಿ ವಿಷಯದಲ್ಲಿ ಇವೆರಡೂ ಹೆಚ್ಚು ಕಮ್ಮಿ ಒಂದೇ ಸೈಜಿನ ಚೊಂಬು! ಬಾಡಿ, ಲೆನ್ಸು ಎರಡನ್ನೂ ಹೊಸದಾಗಿ ತಗೊಳ್ಳೋಕೆ ಹೋದ್ರೆ ನಿಮ್ಮ 60 ಸಾವಿರ ದಾಟತ್ತೆ ಬೇರೆ. ಫೋಕಸ್ ವೇಗ, ರಾ ಫೈಲು, ಹತ್ತಿರದ ಹಕ್ಕಿಯ ಕ್ವಾಲಿಟಿ, ಇದ್ರಲ್ಲೆಲ್ಲಾ ಅದು ಮುಂದೆ, ಖಂಡಿತ. ಆದ್ರೆ ನಿಮಗೆ ಬೇಕಾಗಿರೋ ದೂರದಲ್ಲಿ ಅದರಿಂದ ದೊಡ್ಡ ಲಾಭ ಏನಿಲ್ಲ.

ಸೂಪರ್‌ಜೂಮ್ ಎಲ್ಲಿ ಸೋಲತ್ತೆ ಅನ್ನೋದನ್ನೂ ಮುಚ್ಚಿಡಲ್ಲ. ಹೋದ ಚಳಿಗಾಲ ದೇವರಾಯನದುರ್ಗದ ಕೆಳಗೆ ನಾಮದ ಚಿಲುಮೆ ಹತ್ತಿರ ಬೆಳಿಗ್ಗೆ ಆರೂವರೆಗೆ ನಿಂತಿದ್ದೆ, ಪೊದೆ ಒಳಗೆ ಸರಬರ ಸದ್ದು, ಒಂದು ನವರಂಗ ತರಗೆಲೆ ಮಗುಚ್ತಾ ಮಗುಚ್ತಾ ನನ್ನ ಕಡೆಗೇ ಬಂತು. ಪಿ900 ಪೂರ್ತಿ ಜೂಮಲ್ಲಿತ್ತು. ಹಕ್ಕಿ ನಾಲ್ಕು ಮೀಟರಿಗೆ ಬಂದಿದೆ, ಫೋಕಸ್ಸು ಮುಂದೆ ಹಿಂದೆ ಓಡಾಡ್ತಾನೇ ಇದೆ, ಹಿಡೀತಿಲ್ಲ, ಯಾಕಂದ್ರೆ ಅಷ್ಟು ಜೂಮಲ್ಲಿ ಅದಕ್ಕೆ ಕನಿಷ್ಠ ಐದು ಮೀಟರ್ ದೂರ ಬೇಕು. ಜೂಮ್ ಹಿಂದಕ್ಕೆ ತಂದು ತೆಗೆದೆ, ಮರದ ನೆರಳು, ಐಎಸ್‌ಓ (ಕಮ್ಮಿ ಬೆಳಕನ್ನ ಕ್ಯಾಮೆರಾ ಎಷ್ಟು ಹಿಗ್ಗಿಸ್ತಿದೆ ಅನ್ನೋ ನಂಬರು) 1600ಕ್ಕೆ ಹೋಗಿತ್ತು, ಮನೇಲಿ ದೊಡ್ಡದು ಮಾಡಿ ನೋಡಿದ್ರೆ ಹೊಟ್ಟೆಯ ಕೆಂಪು, ರೆಕ್ಕೆಯ ನೀಲಿ ಎಲ್ಲಾ ಇದೆ, ಆದ್ರೆ ಪುಕ್ಕದ ಎಳೆ ಒಂದೂ ಇಲ್ಲ, ಆಯಿಲ್ ಪೇಂಟ್ ಬಳಿದ ಹಾಗೆ. ಪಿ900ರ ಸೆನ್ಸರ್, ಅಂದ್ರೆ ಚಿತ್ರ ಹಿಡಿಯೋ ಚಿಪ್ಪು, ಸುಮಾರು 28 ಚದರ ಮಿಲಿಮೀಟರ್, ಲೆನ್ಸ್ ಬದಲಾಯಿಸೋ ಎಷ್ಟೋ ಕ್ಯಾಮೆರಾಗಳಲ್ಲಿರೋ ಎಪಿಎಸ್‌ಸಿ ಸೆನ್ಸರ್ 330ರಿಂದ 370, ಹನ್ನೆರಡು ಹದಿಮೂರು ಪಟ್ಟು ದೊಡ್ಡದು. ಹಕ್ಕಿ ಹತ್ತಿರ ಇದ್ದು ಬೆಳಕು ಕಮ್ಮಿ ಇದ್ದಾಗ ಆ ದೊಡ್ಡ ಸೆನ್ಸರಿಗೆ ಸಾಟಿ ಇಲ್ಲ. ನಿಮ್ಮ ಕೆರೆ ಏರಿ ಮೇಲೆ ಬಿಸಿಲು ಧಾರಾಳ, ಸೂರ್ಯ ಬೆನ್ನಿಗೆ ಬರೋ ಹಾಗೆ ನಿಂತ್ಕೊಂಡು ಐಎಸ್‌ಓ 400 ದಾಟದ ಹಾಗೆ ನೋಡ್ಕೊಳ್ಳಿ, ಮಕ್ಕಳಿಗೆ ತೋರಿಸೋಕೆ ಚೆನ್ನಾಗೇ ಬರತ್ತೆ.

ಹಕ್ಕಿ ಫ್ರೇಮಿಂದ ತಪ್ಪಿಹೋದ್ರೆ ಲೆನ್ಸ್ ಪಕ್ಕ ಒಂದು ಬಟನ್ ಇದೆ, ಒತ್ತಿ ಹಿಡಿದ್ರೆ ಜೂಮ್ ಸ್ವಲ್ಪ ಹಿಂದಕ್ಕೆ ಬರತ್ತೆ, ಹಕ್ಕಿ ಹುಡುಕಿ ಬಿಟ್ರೆ ವಾಪಸ್ ಹೋಗತ್ತೆ, ಅದನ್ನ ಮೊದಲ ದಿನವೇ ಕೈಗೆ ಅಭ್ಯಾಸ ಮಾಡ್ಕೊಳ್ಳಿ. 2000 ಮಿಲಿಮೀಟರಲ್ಲಿ ಉಸಿರಾಡಿದ್ರೂ ಅಲುಗಾಡತ್ತೆ, ಹಳೇ ಬಟ್ಟೆ ಚೀಲಕ್ಕೆ ಒಂದು ಕೇಜಿ ರಾಗಿ ತುಂಬಿ ಹೊಲೀರಿ, ಗಾಡಿ ಸೀಟ್ ಮೇಲೋ ತೂಬಿನ ಕಲ್ಲಿನ ಮೇಲೋ ಇಟ್ಟು ಅದರ ಮೇಲೆ ಕ್ಯಾಮೆರಾ ಕೂರಿಸಿ, ಅಕ್ಕಿಗಿಂತ ರಾಗಿ ಚೆನ್ನಾಗಿ ಕೂರತ್ತೆ. ಪಿ1000 ಅಂತ 3000 ಮಿಲಿಮೀಟರಿಂದು ಇದೆ, 1.4 ಕೇಜಿ, ಅದರ ಆಸೆಗೆ ಬೀಳ್ಬೇಡಿ, ನಮ್ಮ ಬಯಲುಸೀಮೆ ಬಿಸಿಲಿಗೆ ನೆಲದಿಂದ ಏಳೋ ಝಳದಲ್ಲಿ ಅಷ್ಟು ದೂರದ ಚಿತ್ರ ಕುದಿಯೋ ನೀರಿನ ಹಾಗೆ ಕಾಣತ್ತೆ.

ಸೆಕೆಂಡ್ ಹ್ಯಾಂಡಲ್ಲಿ ತಗೊಂಡು ದುಡ್ಡು ಉಳಿದ್ರೆ ಒಂದು 8x42 (ಎಂಟು ಪಟ್ಟು ಹತ್ತಿರ ತೋರಿಸೋ, 42 ಮಿಲಿಮೀಟರ್ ಬಾಯಿಯ) ಬೈನಾಕ್ಯುಲರ್ ತಗೊಳ್ಳಿ. ಹಾಗೇ ಮಕ್ಕಳನ್ನ ಒಂದ್ಸಲ ನಿಮ್ಮ ತಾಲ್ಲೂಕಿನ ಕಗ್ಗಲಡುಗೆ ಕರ್ಕೊಂಡು ಹೋಗಿ, ಊರೊಳಗಿನ ಹುಣಸೆ ಮರದಲ್ಲೇ ಬಣ್ಣದ ಕೊಕ್ಕರೆ, ಬೂದು ಬಕ ಗೂಡು ಕಟ್ತವಲ್ಲ, ಅಲ್ಲಿ ನಿಮಗೆ 2000 ಬೇಕಾಗಲ್ಲ, 300-400ಕ್ಕೇ ಕೊಕ್ಕರೆ ಫ್ರೇಮ್ ತುಂಬತ್ತೆ, 24ಕ್ಕೆ ತಂದ್ರೆ ಮರ, ಮನೆ, ಜಗಲಿ ಮೇಲೆ ಕೂತ ಅಜ್ಜಿ ಎಲ್ಲಾ ಒಂದೇ ಫೋಟೋದಲ್ಲಿ. ಮರಿ ಇರೋ ಕಾಲದಲ್ಲಿ ಮರದ ಬುಡಕ್ಕೆ ಮಾತ್ರ ಗುಂಪಾಗಿ ಹೋಗ್ಬೇಡಿ.

ಪ್ರಶ್ನೆ: ನಾನು ತುಮಕೂರಲ್ಲಿ ಎಂ.ಎಸ್ಸಿ. ಓದ್ತಿದೀನಿ, ಊರು ಮಧುಗಿರಿ ಕಡೆ. ಚಳಿಗಾಲದಲ್ಲಿ ಮೈದನಹಳ್ಳಿ ಹುಲ್ಲುಗಾವಲಿಗೆ ಬರೋ ಹ್ಯಾರಿಯರ್ ಅನ್ನೋ ಬೇಟೆ ಹಕ್ಕಿಗಳನ್ನ ಗುರುತಿಸಿ ಲೆಕ್ಕ ಇಡ್ಬೇಕು ಅಂತಿದೀನಿ. ಅಪ್ಪ ಒಂದು ಲಕ್ಷ ಕೊಡ್ತೀನಿ ಅಂದಿದಾರೆ. ಪಿ950 ಸಾಕಾಗತ್ತಾ?

ಉತ್ತರ: ಸಾಕಾಗಲ್ಲಮ್ಮ. ಮೇಷ್ಟ್ರಿಗೆ ಹೇಳಿದ್ದನ್ನ ನಿಂಗೆ ಹೇಳಕ್ಕಾಗಲ್ಲ, ಯಾಕಂದ್ರೆ ನಿನ್ನ ಹಕ್ಕಿ ಕೂರೋದೇ ಕಮ್ಮಿ, ಹುಲ್ಲಿನ ಮೇಲೆ ಒಂದಾಳೆತ್ತರದಲ್ಲಿ ತೇಲ್ತಾ ಬಂದು ತಟ್ಟನೆ ತಿರುಗ್ಬಿಡತ್ತೆ. ಪ್ಯಾಲಿಡ್ ಹ್ಯಾರಿಯರ್ ಹೆಣ್ಣಿಗೂ ಮಾಂಟೆಗ್ಯೂಸ್ ಹೆಣ್ಣಿಗೂ ವ್ಯತ್ಯಾಸ ಇರೋದು ಕೆನ್ನೆ ಹಿಂದಿನ ಬಿಳಿ ಪಟ್ಟಿಯಲ್ಲಿ, ರೆಕ್ಕೆ ಅಡಿಯ ಗೆರೆಗಳಲ್ಲಿ, ಪ್ಯಾಲಿಡ್‌ಗೆ ಆ ಕೊರಳ ಪಟ್ಟಿ ಎದ್ದು ಕಾಣತ್ತೆ. ಅದನ್ನ ಹಾರೋವಾಗ 1/2000 ಸೆಕೆಂಡಲ್ಲಿ ಚೂಪಾಗಿ ಹಿಡೀಬೇಕು. ಸೂಪರ್‌ಜೂಮ್ ಫೋಕಸ್ ಹುಡುಕೋಷ್ಟರಲ್ಲಿ ಹಕ್ಕಿ ಬೇಲಿ ದಾಟಿರತ್ತೆ.

ಈಗ ಎಷ್ಟೋ ಜನ ಮಿರರ್‌ಲೆಸ್‌ಗೆ, ಅಂದ್ರೆ ಒಳಗೆ ಕನ್ನಡಿ ಇಲ್ಲದ ಹೊಸ ತರದ ಕ್ಯಾಮೆರಾಗೆ, ಹೋಗ್ತಾ ಕನ್ನಡಿ ಇರೋ ಹಳೇ ಡಿಎಸ್‌ಎಲ್‌ಆರ್ ಮಾರ್ತಿದಾರೆ, ನಿಂಗದು ಅನುಕೂಲ. ನಿಕಾನ್ ಡಿ7200 ತರದ ಬಾಡಿ, ಜೊತೆಗೆ ಸಿಗ್ಮಾ ಅಥವಾ ಟ್ಯಾಮ್ರಾನ್ 150-600, ಇಲ್ಲಾ ನಿಕಾನ್ 200-500, ಎಲ್ಲಾ ಸೆಕೆಂಡ್ ಹ್ಯಾಂಡಲ್ಲಿ ನೋಡು. ಮೇಲೆ ಹೇಳಿದ ಲೆಕ್ಕವೇ ಹಾಕು, 600ನ್ನ 6.3ರಿಂದ ಭಾಗಿಸಿದ್ರೆ 95 ಮಿಲಿಮೀಟರ್, ಪಿ900ರ 55ಕ್ಕೆ ಹೋಲಿಸಿದ್ರೆ ಮೂರರಷ್ಟು ಬೆಳಕು. ಬಾಡಿ ಸೇರಿ ಎರಡೂಮುಕ್ಕಾಲು ಕೇಜಿ ಆಗತ್ತೆ, ಮೊದಲ ವಾರ ಭುಜ ನೋಯತ್ತೆ. ಪ್ರ್ಯಾಕ್ಟೀಸಿಗೆ ಗರುಡ, ಹದ್ದು ಹಾರೋದನ್ನ ಊರ ಕೆರೆ ಹತ್ತಿರ ತೆಗಿ. ಮೈದನಹಳ್ಳಿ ಕೃಷ್ಣಮೃಗ ಇರೋ ರಕ್ಷಿತ ಜಾಗ, ಅರಣ್ಯ ಇಲಾಖೆಯವರನ್ನ ಕೇಳ್ಕೊಂಡೇ ಹೋಗು. ಒಂಬತ್ತೂವರೆ ಮೇಲೆ ಝಳ ಶುರುವಾಗತ್ತೆ, ಅಷ್ಟರೊಳಗೆ ಮುಗಿಸು. ಸಂಜೆ ಅವು ಹುಲ್ಲಿನ ನಡುವೆ ನೆಲದ ಮೇಲೇ ಮಲಗೋಕೆ ಇಳೀತವೆ, ಆ ಜಾಗದ ಒಳಗೆ ಕಾಲಿಡ್ಬೇಡ, ಫೋಟೋ ಸಿಗದಿದ್ರೂ ಪರವಾಗಿಲ್ಲ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಲೆನ್ಸ್ ತಗೊಳ್ಳೋವಾಗ ಏನು ನೋಡ್ಬೇಕು? – ತಿಪಟೂರಿನ ಓದುಗರು

ಉತ್ತರ: ಫಂಗಸ್ಸು, ಅಂದ್ರೆ ಲೆನ್ಸಿನ ಗಾಜಿಗೆ ಹಿಡಿಯೋ ಬೂಷ್ಟು. ನಾನು ಒಂದು ಅಂಗಡೀಲಿ ನಂಬಿ ತಗೊಂಡ 300 ಮಿಲಿಮೀಟರ್ ಲೆನ್ಸು ಹೊರಗಿಂದ ಹೊಸದರ ಹಾಗೇ ಇತ್ತು, ಮನೆಗೆ ಬಂದು ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು ಮುಂದಿನಿಂದ ಓರೆಯಾಗಿ ನೋಡಿದ್ರೆ ಒಳಗಿನ ಗಾಜಿನ ಅಂಚಲ್ಲಿ ಜೇಡನ ಬಲೆ ತರ ಸಣ್ಣ ಬಿಳಿ ಎಳೆಗಳು. ವಾಪಸ್ ತಗೊಳ್ಳಲಿಲ್ಲ, ಕ್ಲೀನ್ ಮಾಡಿಸೋಕೆ ಮತ್ತೆ ದುಡ್ಡಾಯ್ತು. ಅಂಗಡೀಲೇ ಟಾರ್ಚ್ ಬಿಟ್ಟು ನೋಡಿ, ಜೂಮ್ ಪೂರ್ತಿ ತಿರುಗಿಸಿ ಎಲ್ಲೂ ಗರಗರ ಅನ್ನಬಾರ್ದು, ಒಂದು ದೂರದ ಬೋರ್ಡಿಗೆ ಹತ್ತು ಸಲ ಫೋಕಸ್ ಮಾಡಿ ಹತ್ತೂ ಸಲ ಅಕ್ಷರ ಚೂಪಾಗಿ ಬರ್ತಿದ್ಯಾ ನೋಡಿ. ತಂದ ಮೇಲೆ ಬೀರುವಲ್ಲಿ ಬಟ್ಟೆ ನಡುವೆ ಇಡ್ಬೇಡಿ, ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬೀಲಿ ತೇವ ಹೀರೋ ಸಿಲಿಕಾ ಜೆಲ್ ಜೊತೆ ಇಡಿ, ಮಳೆಗಾಲದಲ್ಲಿ ಜೆಲ್ಲಿನ ಬಣ್ಣ ಬದಲಾಗಿದ್ಯಾ ಅಂತ ವಾರಕ್ಕೊಂದ್ಸಲ ನೋಡ್ತಿರಿ.