ಪಟ್ಟಿ ಹಾಕುವವಳು ಆಟ ನೋಡುವುದು ಯಾವಾಗ?

ಈ ವಾರಕ್ಕೆಂದು ಮೂರು ಪತ್ರಕ್ಕೆ ಉತ್ತರ ಬರೆದಿಟ್ಟಿದ್ದೆ. ಮೂರನ್ನೂ ಪಕ್ಕಕ್ಕೆ ಸರಿಸಿದ್ದೇನೆ. ಶಿರಸಿ ಹತ್ತಿರದ ಹಳ್ಳಿಯಿಂದ ಬಂದ ಒಂದು ಪತ್ರ ಎರಡು ದಿನ ನನ್ನನ್ನು ಸುಮ್ನೆ ಕೂರಲು ಬಿಡಲಿಲ್ಲ. ದೋಸೆ ಎರೆಯುವಾಗಲೂ ಅದೇ ತಲೆಯಲ್ಲಿ. ಎರಡು ದೋಸೆ ಸೀದು ಹೋದವು.

ಬರೆದವರಿಗೆ ನಲವತ್ತಾರು ವರ್ಷ. ಅಡಿಕೆ ತೋಟದ ಮನೆಯ ಸೊಸೆ. ಯಕ್ಷಗಾನದ ಅಭಿಮಾನಿಗಳ ಒಂದು ಬಳಗ ನಡೆಸುತ್ತಾರೆ. ಹೆಸರಾಂತ ವೇಷಧಾರಿ ಚಿಟ್ಟಾಣಿ ರಾಮಚಂದ್ರ ಹೆಗಡೆಯವರಿಗೆ ಪದ್ಮಶ್ರೀ ಬಂದ 2012ರಲ್ಲಿ ಅದು ಫೇಸ್‌ಬುಕ್‌ನಲ್ಲಿ ಹುಟ್ಟಿತು. ಎರಡು ವರ್ಷ ಬಿಟ್ಟು ವಾಟ್ಸ್ಆ್ಯಪ್‌ಗೆ ಬಂತು. ಈಗ ಅದರಲ್ಲಿ ಏಳುನೂರು ಚಿಲ್ಲರೆ ಜನ. ಮೇಳಗಳು, ಅಂದರೆ ಯಕ್ಷಗಾನದ ತಂಡಗಳು, ಊರೂರು ಸುತ್ತಿ ಆಡುವ ತಿರುಗಾಟ ಶುರುವಾದರೆ ದಿನಾ ಸಂಜೆ ಇವರು ಪಟ್ಟಿ ಹಾಕಬೇಕು. ಇವತ್ತು ಯಾವ ಮೇಳದ ಆಟ (ಯಕ್ಷಗಾನದ ಪ್ರದರ್ಶನಕ್ಕೆ ನಮ್ಮಲ್ಲಿ ಆಟ ಎನ್ನುವುದು) ಎಲ್ಲಿ, ಪ್ರಸಂಗ ಅಂದರೆ ಕಥೆ ಯಾವುದು, ಹಾಡುವ ಭಾಗವತರು ಯಾರು. ಮಳೆಗಾಲ ಬಂತೆಂದರೆ, ವೇಷ-ಕುಣಿತ ಇಲ್ಲದೆ ಕೂತು ಹಾಡು-ಮಾತಿನಲ್ಲೇ ನಡೆಸುವ ತಾಳಮದ್ದಳೆಯ ಪಟ್ಟಿ ಬೇರೆ.

ಮೊದಮೊದಲು ಖುಷಿಯಿತ್ತಂತೆ. 2017ರ ಅಕ್ಟೋಬರ್‌ನಲ್ಲಿ ಚಿಟ್ಟಾಣಿಯವರು ಹೋದ ರಾತ್ರಿ ಬಳಗದಲ್ಲಿ ಯಾರೂ ಮಲಗಲಿಲ್ಲ, ಒಬ್ಬೊಬ್ಬರೂ ತಾವು ಕಂಡ ಭಸ್ಮಾಸುರ, ತಾವು ಕಂಡ ಕೀಚಕ ಎಂದು ಬರೆಯುತ್ತಲೇ ಇದ್ದರು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದು ಮೇಳಗಳೆಲ್ಲ ತಿರುಗಾಟದ ನಡುವೆಯೇ ಗಂಟುಮೂಟೆ ಕಟ್ಟಿದಾಗ ಈ ಬಳಗವೇ ರಂಗಸ್ಥಳ ಆಯಿತು. ಈಗ ಬರೀ ಜಗಳ. ಇವರ ಕುಣಿತ ಹೆಚ್ಚೋ ಅವರ ಮಾತು ಹೆಚ್ಚೋ. ಇಡೀ ರಾತ್ರಿ ಆಟವೋ ಕೆಲವೇ ಗಂಟೆಯಲ್ಲಿ ಮುಗಿಯುವ ಕಾಲಮಿತಿಯೋ. ಸಾಲದ್ದಕ್ಕೆ ಚುನಾವಣೆಯ ಫಾರ್ವರ್ಡು. ಸಾಕಾಗಿದೆ, ಹೊರಗೆ ಬರಬೇಕು ಎನ್ನುತ್ತಾರೆ. ಬಿಟ್ಟರೆ ದ್ರೋಹ ಆಗುತ್ತದಾ? ವಿದಾಯದ ಪತ್ರ ಉದ್ದ ಬರೆಯಲಾ, ಚಿಕ್ಕದು ಸಾಕಾ? ಇದು ಅವರ ಪ್ರಶ್ನೆ.

ತಂಗೀ, ಮೊದಲು ಜಗಳದ ವಿಷಯ ಮುಗಿಸಿಬಿಡೋಣ. ಎರಡು ಮೇಳವನ್ನು ಅಕ್ಕಪಕ್ಕದ ರಂಗಸ್ಥಳದಲ್ಲಿ ನಿಲ್ಲಿಸಿ, ಒಂದೇ ಪ್ರಸಂಗ ಆಡಿಸಿ, ಯಾರು ಗೆದ್ದರು ಎಂದು ಬೆಳಗಿನವರೆಗೆ ನೋಡಿದ ಸೀಮೆ ನಮ್ಮದು. ಜೋಡಾಟ ಎಂದರೆ ಅದೇ ಅಲ್ವಾ? ಜೋಡಾಟದ ಮರುದಿನ ಚಾ ಅಂಗಡಿಯಲ್ಲಿ ಮಾತು ಬಿಟ್ಟವರು ಎಷ್ಟು ಜನ! ಅಭಿಮಾನಿಗಳು ಜಗಳ ಆಡಿದರೆ ಬಳಗ ಕೆಟ್ಟಿತು ಅಂತ ಅರ್ಥ ಅಲ್ಲ. ನಿಮಗೆ ಆ ಜಗಳ ಕೇಳುವ ತ್ರಾಣ ಉಳಿದಿಲ್ಲ, ಅಷ್ಟೇ. ಎಂತಕ್ಕೆ ಉಳಿದಿಲ್ಲ?

ನಿಮ್ಮ ಪತ್ರದ ನಾಲ್ಕನೇ ಪುಟ ತೆಗೆಯಿರಿ. ಕೆಳಗಿನಿಂದ ಮೂರನೇ ಸಾಲು. ಬ್ರಾಕೆಟ್ ಹಾಕಿ ಬರೆದಿದ್ದೀರಿ: ‘ಮಾವ ತೀರಿಕೊಂಡ ಮೇಲೆ ನಾನು ಆಟಕ್ಕೆ ಹೋಗಿಲ್ಲ. ನಾಲ್ಕು ವರ್ಷ ಆಯಿತು. ಅದು ಬೇರೆ ವಿಷಯ.’

ಬೇರೆ ವಿಷಯ ಅಂತೆ! ನಾಲ್ಕು ಪುಟದಲ್ಲಿ ವಿಷಯ ಅಂತ ಇರುವುದೇ ಅದೊಂದು, ಮಾರಾಯ್ತಿ.

ನಾನು ಲೆಕ್ಕ ಹಾಕಿದೆ. ತಿರುಗಾಟ ಎಂದರೆ ದೀಪಾವಳಿ ಕಳೆದ ಮೇಲಿಂದ ಮೇ ತಿಂಗಳವರೆಗೆ, ಆರು ತಿಂಗಳು ಹಿಡಿಯೋಣ. ಅಂಥ ಹನ್ನೊಂದು ತಿರುಗಾಟಕ್ಕೆ ನೀವು ಪಟ್ಟಿ ಹಾಕಿದ್ದೀರಿ. ಕೊರೊನಾ ನುಂಗಿದ ದಿನ ಕಳೆದರೂ ಸಾವಿರದ ಐನೂರು ಪಟ್ಟಿಗೆ ಕಮ್ಮಿ ಇಲ್ಲ. ಅದರಲ್ಲಿ ಕೊನೆಯ ನಾಲ್ಕು ವರ್ಷದ ಪಟ್ಟಿಯಲ್ಲಿರುವ ಒಂದೇ ಒಂದು ಆಟಕ್ಕೂ ನೀವು ಹೋಗಿಲ್ಲ. 2024ರ ಮಾರಿಕಾಂಬಾ ಜಾತ್ರೆಗೆ ಮೇಳ ಬಂದು ನಿಮ್ಮ ಮನೆಯಿಂದ ಹನ್ನೆರಡು ಕಿಲೋಮೀಟರ್ ದೂರದಲ್ಲಿ ಚಂಡೆ ಬಾರಿಸಿತು. ನೀವು ಮನೆಯಲ್ಲಿ ಕೂತು ‘ಇಂದಿನ ಆಟಗಳು’ ಎಂದು ಟೈಪ್ ಮಾಡಿದಿರಿ. ಊರಿಗೆಲ್ಲ ಬಡಿಸಿ ತಾನು ಉಣ್ಣದೆ ಮಲಗುವ ಹೆಂಗಸರನ್ನು ಬಹಳ ನೋಡಿದ್ದೇನೆ. ಪಟ್ಟಿಯಲ್ಲೂ ಹಾಗೆ ಮಾಡಬಹುದು ಎಂದು ನಿಮ್ಮಿಂದ ತಿಳಿಯಿತು.

ನಿಮ್ಮ ಮಾವನ ಬಗ್ಗೆ ನೀವು ಬರೆದದ್ದು ಅರ್ಧ ಪುಟ. ನನಗೆ ಅದು ಜಾಸ್ತಿ ಬೇಕಿತ್ತು. ಅತ್ತೆ-ಸೊಸೆ ಜಗಳದ ಪತ್ರ ನನಗೆ ರಾಶಿ ಬರುತ್ತದೆ. ಮಾವ-ಸೊಸೆ ಒಟ್ಟಿಗೆ ಆಟಕ್ಕೆ ಹೋಗುತ್ತಿದ್ದ ಪತ್ರ ಇದೇ ಮೊದಲು. ಮದುವೆಯಾಗಿ ಬಂದ ವರ್ಷವೇ ‘ನಿಂಗೆ ಆಟ ನೋಡಲಿಕ್ಕೆ ಬರ್ತದಾ?’ ಎಂದು ಕೇಳಿದರಂತೆ. ನೋಡಲಿಕ್ಕೆ ‘ಬರ್ತದಾ’ ಎಂದು ಕೇಳಿದ್ದು ನೋಡಿ. ಅದೂ ಒಂದು ವಿದ್ಯೆ ಎಂದು ಗೊತ್ತಿದ್ದವರು ಅವರು. ಕಂಬಳಿ, ಟಾರ್ಚು, ಥರ್ಮಾಸು ಹಿಡಿದು ಇಬ್ಬರೂ ಜೀಪು ಹತ್ತಿ ದೇವಿಮನೆ ಘಟ್ಟ ಇಳಿದು ಕುಮಟಾ, ಹೊನ್ನಾವರದ ಕಡೆಗೆಲ್ಲ ಹೋಗುತ್ತಿದ್ದಿರಿ. ಅಡುಗೆಮನೆಯ ಕ್ಯಾಲೆಂಡರ್ ಮೇಲೆ ಯಾವತ್ತು ಎಲ್ಲಿ ಆಟ ಎಂದು ಪೆನ್ಸಿಲಿನಲ್ಲಿ ಬರೆದಿಡುತ್ತಿದ್ದವರು ಅವರು. ಕಣ್ಣು ಮಂಜಾದ ಮೇಲೆ ಅದನ್ನು ಬರೆಯುವ ಕೆಲಸ ನಿಮಗೆ ಬಂತು. ಬಳಗದ ಪಟ್ಟಿ ಹುಟ್ಟಿದ್ದು ಆ ಕ್ಯಾಲೆಂಡರಿನಿಂದ. ಇದನ್ನೂ ನೀವು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿಬಿಟ್ಟಿದ್ದೀರಿ.

ಅಂದರೆ ಪಟ್ಟಿ ಓದಿ ‘ಹೊರಡು, ಹೊತ್ತಾಯ್ತು’ ಎನ್ನುವವರು ಹೋದರು. ಪಟ್ಟಿ ಮಾತ್ರ ನಿಲ್ಲಲಿಲ್ಲ. ಸುಸ್ತಾಗದೆ ಇನ್ನೇನಾಗುತ್ತದೆ?

ಈಗ ನಿಮ್ಮ ‘ಬೆಂಗಳೂರಿನ ಅಣ್ಣ’ನ ವಿಷಯಕ್ಕೆ ಬರುತ್ತೇನೆ. ಅವರ ಬಗ್ಗೆ ನೀವು ಬರೆದದ್ದೆಲ್ಲ ಒಳ್ಳೆಯದೇ. ಬಳಗ ಶುರು ಮಾಡಿದವರು, ದೊಡ್ಡ ಮನುಷ್ಯರು, ‘ನೀನಿಲ್ಲದಿದ್ದರೆ ಇದು ನಡೆಯುವುದಿಲ್ಲ ತಂಗಿ’ ಎಂದು ಪ್ರತಿ ಸಲ ಹೇಳುತ್ತಾರೆ ಎಂದು. ನಾನು ಓದಿದ್ದು ಬೇರೆ. ಹತ್ತನೇ ವರ್ಷದ ಕಾರ್ಯಕ್ರಮದಲ್ಲಿ ಶಾಲು, ಹಾರ, ಹಣ್ಣಿನ ಬುಟ್ಟಿ ಅವರಿಗೆ. ನಿಮಗೆ ಇನ್ನೂರು ಜನರ ಅವಲಕ್ಕಿ-ಚಾದ ಉಸ್ತುವಾರಿ. ನಿಮ್ಮ ಮಾವನ ಪೆಟ್ಟಿಗೆಯ ಕ್ಯಾಸೆಟ್ಟುಗಳಲ್ಲಿ ಅರವತ್ತನ್ನು ನೀವು ಒಂದೊಂದಾಗಿ ಓಡಿಸಿ ಕಂಪ್ಯೂಟರಿಗೆ ಇಳಿಸಿದಿರಿ. ಯೂಟ್ಯೂಬಿನಲ್ಲಿ ಅವು ಯಾರ ಹೆಸರಲ್ಲಿವೆ? ‘ಅಣ್ಣನ ಚಾನೆಲ್‌ನಲ್ಲಿ ಹಾಕಿದ್ದಾರೆ, ಸಂತೋಷವೇ’ ಎಂದು ಬರೆದಿದ್ದೀರಿ. ನನಗೇನೂ ಸಂತೋಷ ಆಗಲಿಲ್ಲ.

ಈ ಅಂಕಣ ಓದುವವರಿಗೆ ನನ್ನ ಹಳೆಯ ಹಟ ಗೊತ್ತು. ಅವಲಕ್ಕಿ ಕಲಸಿದವರಿಗೆ ಮೊದಲ ಶಾಲು ಹಾಕಬೇಕು, ಆಮೇಲೆ ಉಳಿದವರಿಗೆ. ನೀನಿಲ್ಲದಿದ್ದರೆ ನಡೆಯುವುದಿಲ್ಲ ಎನ್ನುವವರು ಹನ್ನೊಂದು ವರ್ಷದಲ್ಲಿ ಒಂದು ದಿನ ತಾವೇ ಪಟ್ಟಿ ಹಾಕಿ ನೋಡಬೇಕಿತ್ತು. ಹೊಗಳಿಕೆ ಅಲ್ಲ ಅದು. ಹಗ್ಗ.

ನಿಮ್ಮ ಯಜಮಾನರ ಮೇಲೂ ನಿಮಗೆ ಸಿಟ್ಟಿದೆ. ‘ಇವರಿಗೆ ಎಂಟು ಗಂಟೆಗೆ ನಿದ್ದೆ ಬೇಕು, ಆಟ ಎಂದರೆ ಆಗದು’ ಎಂದಿದ್ದೀರಿ. ಅವರನ್ನು ನಾನು ಬಯ್ಯುವುದಿಲ್ಲ. ಹಗಲೆಲ್ಲ ತೋಟದಲ್ಲಿ ದುಡಿದವರಿಗೆ ನಿದ್ದೆ ಬಂದರೆ ಅದು ತಪ್ಪಲ್ಲ. ಅವರು ಬರುವುದು ಬೇಡ. ಅವರಿಗೆ ಬೇರೆ ಕೆಲಸ ಇಟ್ಟಿದ್ದೇನೆ, ಕೊನೆಗೆ ಹೇಳುತ್ತೇನೆ.

ಕ್ಯಾಸೆಟ್ಟಿನ ಬಗ್ಗೆ ಒಂದು ಮಾತು, ನೀವು ಕೇಳದಿದ್ದರೂ. ಭಾಗವತ ಕಾಳಿಂಗ ನಾವಡರು 1990ರಲ್ಲಿ ಅಪಘಾತದಲ್ಲಿ ಹೋದಾಗ ಅವರಿಗೆ ಮೂವತ್ತರ ಆಸುಪಾಸು. ಆಮೇಲೆ ಹುಟ್ಟಿದ ಹುಡುಗರೂ ಇವತ್ತು ನಿನ್ನೆ ಕೇಳಿದವರ ಹಾಗೆ ಅವರ ಪದ್ಯ ಗುನುಗುತ್ತಾರೆ. ಎದುರಿಗೆ ಟೇಪ್ ರೆಕಾರ್ಡರ್ ಇಟ್ಟುಕೊಂಡು ರಾತ್ರಿಯೆಲ್ಲ ಕೂತ ನಿಮ್ಮ ಮಾವನಂಥವರಿಂದ ಅದು ಉಳಿಯಿತು. ಪೆಟ್ಟಿಗೆಯಲ್ಲಿ ಇನ್ನೂ ಎಂಬತ್ತು ಕ್ಯಾಸೆಟ್ಟು ಇದೆ ಎಂದಿದ್ದೀರಿ. ಶಿರಸಿಯ ಮಳೆಗೆ ಅಟ್ಟದ ಮೇಲಿನ ಟೇಪಿಗೆ ಬೂಷ್ಟು ಹಿಡಿಯಲು ಎಷ್ಟು ಹೊತ್ತು? ಅವನ್ನು ಬೆಚ್ಚಗಿನ ಒಣ ಜಾಗಕ್ಕೆ ಇಳಿಸಿ. ಬಳಗದಲ್ಲಿ ಕಳಿಸಿದರೆ ಉಳಿಯುತ್ತದೆ ಎಂದು ನಂಬಬೇಡಿ. ಅಲ್ಲಿ ಸಮಯಕ್ಕೆ ಇಳಿಸಿಕೊಳ್ಳದ ಆಡಿಯೊ ಆಮೇಲೆ ತೆರೆಯುವುದೇ ಇಲ್ಲ. ಹಾರ್ಡ್ ಡಿಸ್ಕು ಎರಡು ಇರಲಿ, ಒಂದು ಬೇರೆ ಮನೆಯಲ್ಲಿ. ಇದು ಬಳಗದ ಕೆಲಸ ಅಲ್ಲ, ನಿಮ್ಮ ಮನೆಯ ಆಸ್ತಿ.

ಇನ್ನು ವಿದಾಯದ ಪತ್ರ. ಬರೆಯಬೇಡಿ. ಇದೂ ನನ್ನ ಹಳೆಯ ಹಟವೇ. ಕುಮಟಾದ ಒಂದು ಮಹಿಳಾ ಮಂಡಳದಲ್ಲಿ ಹದಿನಾಲ್ಕು ವರ್ಷ ಕಾರ್ಯದರ್ಶಿ ಆಗಿದ್ದವಳು ನಾನು. ಬಿಡುವಾಗ ಎರಡು ಪುಟ ಬರೆದು ಓದಿದೆ. ನಡುವೆ ಕಣ್ಣೀರು ಬೇರೆ ಬಂತು. ಓದಿ ಮುಗಿಸಿ ತಲೆ ಎತ್ತಿದರೆ ಮೊದಲ ಸಾಲಿನವರು ಮುಂದಿನ ತಿಂಗಳ ಪ್ರವಾಸದ ಬಸ್ಸಿನ ಲೆಕ್ಕ ಹಾಕುತ್ತಿದ್ದರು. ಅವರದ್ದು ತಪ್ಪೂ ಅಲ್ಲ. ಬಸ್ಸು ಹೊರಡಬೇಕಿತ್ತು. ನೀವು ಉದ್ದ ಬರೆದರೆ ನೂರು ಕೈಮುಗಿಯುವ ಚಿತ್ರ ಬರುತ್ತದೆ, ನಾಲ್ಕು ಜನ ‘ಹೋಗಬೇಡಿ ಅಕ್ಕ’ ಎನ್ನುತ್ತಾರೆ, ನೀವು ಕರಗಿ ಮತ್ತೊಂದು ತಿರುಗಾಟ ಪಟ್ಟಿ ಹಾಕುತ್ತೀರಿ. ಯಕ್ಷಗಾನದ ಬಳಗ ಅಲ್ವಾ, ಕೊನೆಗೆ ಮಂಗಳ ಪದ ಹಾಕಿ ಚೆಂದವಾಗಿ ಮುಗಿಸಲಾ ಎಂದೂ ಕೇಳಿದ್ದೀರಿ. ಬೇಡ. ಮಂಗಳ ಹಾಡುವುದು ಬೆಳಗಿನವರೆಗೆ ಆಟ ಆಡಿದವರು. ನೀವಿನ್ನೂ ಆಟದ ಗದ್ದೆಗೇ ಇಳಿದಿಲ್ಲ.

ಏಳುನೂರು ಜನಕ್ಕೂ ಕಾಣುತ್ತದಲ್ಲ ಎಂಬ ಸಂಕೋಚವೂ ಬೇಡ. 2022ರಿಂದ ವಾಟ್ಸ್ಆ್ಯಪ್‌ನಲ್ಲಿ ಯಾರಾದರೂ ಹೊರಗೆ ಹೋದರೆ ಆ ಸುದ್ದಿ ಹೋಗುವುದು ಅಡ್ಮಿನ್‌ಗಳಿಗೆ ಮಾತ್ರ. ಬೆಂಗಳೂರಿನ ಅಣ್ಣನಿಗೆ ಗೊತ್ತಾಗುತ್ತದೆ. ಆಗಲಿ.

ನಿಮ್ಮನ್ನು ನಿಜವಾಗಿ ಕಟ್ಟಿಹಾಕಿದವರು ಒಬ್ಬರೇ, ಕಾರವಾರದ ಆ ನಿವೃತ್ತ ಮಾಸ್ತರರು. ಮಂಡಿ ನೋವು, ಮನೆ ಬಿಟ್ಟು ಎಲ್ಲಿಗೂ ಹೋಗುವ ಹಾಗಿಲ್ಲ. ಆದರೂ ‘ಎಲ್ಲೆಲ್ಲಿ ಆಟ ಉಂಟು ಅಂತ ಓದಿದರೆ ನಿದ್ದೆ ಬರ್ತದೆ’ ಎಂದು ನಿಮಗೆ ಬರೆದಿದ್ದಾರೆ. ಇದನ್ನು ಓದಿ ನನಗೂ ಗಂಟಲು ಕಟ್ಟಿತು. ಆದರೆ ತಂಗೀ, ಒಬ್ಬ ಮಾಸ್ತರರಿಗೋಸ್ಕರ ಏಳುನೂರು ಜನರ ಬಳಗ ಯಾಕೆ ಬೇಕು? ಅವರ ನಂಬರು ನಿಮ್ಮ ಹತ್ತಿರ ಇದೆ. ಅವರಿಗೂ ಪಟ್ಟಿಗಿಂತ ನೋಡಿ ಬಂದವರ ಮಾತು ರುಚಿಸುತ್ತದೆ.

ಅದಕ್ಕೆ ನಾನು ಹೇಳುವುದು ಒಂದೇ. ಬಳಗ ಬಿಡುವುದು, ಇರುವುದು ಆಮೇಲೆ ನೋಡೋಣ. ಈ ಸಲದ ತಿರುಗಾಟ ಶುರುವಾದ ಮೇಲೆ ಒಂದು ಆಟಕ್ಕೆ ಹೋಗಿ. ಕಾಲಮಿತಿ ಅಲ್ಲ, ಇಡೀ ರಾತ್ರಿಯದ್ದು. ಯಾರದೋ ಹರಕೆಯ ಬಯಲಾಟ ಇದ್ದರೆ ಇನ್ನೂ ಒಳ್ಳೆಯದು. ಅದು ಎಲ್ಲಿದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಒಬ್ಬಳೇ ಹೇಗೆ ಎನ್ನಬೇಡಿ. ಬಳಗದಲ್ಲಿ ಶಿರಸಿ ಪೇಟೆಯ ಇಬ್ಬರು ಹೆಂಗಸರಿದ್ದಾರೆ, ‘ಬಹಳ ಒಳ್ಳೆಯವರು, ಮುಖ ನೋಡಿಲ್ಲ’ ಎಂದು ಬರೆದಿದ್ದೀರಿ. ಎಂಟು ವರ್ಷದಿಂದ ದಿನಾ ಮಾತಾಡಿ ಮುಖ ನೋಡಿಲ್ಲ! ಅವರನ್ನು ಕರೆಯಿರಿ. ಮೂವರಿಗೆ ಒಂದು ಗಾಡಿ ಮಾಡಿಕೊಳ್ಳಿ. ಮಾವನ ಕಂಬಳಿ ಇದ್ದರೆ ಅದನ್ನೇ ಒಯ್ಯಿರಿ, ಬೆಳಗಿನ ಜಾವ ಇಬ್ಬನಿ ಬೀಳುತ್ತದೆ. ಕುರ್ಚಿ ಬೇಡ, ಚಾಪೆ ಹಾಸಿ ಮುಂದೆ ಕೂತುಕೊಳ್ಳಿ. ಎರಡು ಗಂಟೆಗೆ ತೂಕಡಿಕೆ ಬಂದರೆ ತೂಕಡಿಸಿ. ರಾಕ್ಷಸರ ಬಣ್ಣದ ವೇಷ ಬಂದಾಗ ಚಂಡೆಯೇ ಎಬ್ಬಿಸುತ್ತದೆ.

ಫೋನು ಮಾತ್ರ ಒಯ್ಯಬೇಡಿ. ಅದನ್ನು ನಿಮ್ಮ ಯಜಮಾನರ ಕೈಗೆ ಕೊಟ್ಟು ಹೋಗಿ. ಆ ಸಂಜೆ ಪಟ್ಟಿ ಇಲ್ಲ. ಮುಂಚೆ ಹೇಳಿ ರಜೆ ಕೇಳುವುದೂ ಇಲ್ಲ. ಏಳೂವರೆಗೆ ಬೆಂಗಳೂರಿನಿಂದ ಫೋನು ಬರುತ್ತದೆ, ‘ತಂಗಿ, ಇವತ್ತು ಪಟ್ಟಿ ಎಲ್ಲಿ?’ ಎಂದು. ಯಜಮಾನರು ಎಂಟಕ್ಕೆ ಮಲಗುವವರು, ಇನ್ನೂ ಎಚ್ಚರ ಇರುತ್ತಾರೆ. ಅವರೇ ಎತ್ತಿ ಹೇಳಲಿ:

‘ಅವಳು ಮನೆಯಲ್ಲಿಲ್ಲ. ಆಟಕ್ಕೆ ಹೋಗಿದ್ದಾಳೆ.’