ಗೆಳತಿಗೆ ಬರೆದ ಮೇಲ್ ಇಡೀ ಕಾಲೇಜಿಗೆ ಹೋಯಿತು

(ಗುರುತು ಸಿಗದಂತೆ ಹೆಸರು ಮತ್ತು ಕೆಲವು ವಿವರ ಬದಲಿಸಿದ್ದೇನೆ.)

ಲತಾ ಪದವಿ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ಆಪ್ತಸಮಾಲೋಚನೆಗೆ ಬಂದ ಮೊದಲ ದಿನ ನನ್ನೆದುರು ಕೂತಾಗ ಫೋನ್ ಮಗುಚಿ ಇಟ್ಟಿದ್ದರು. ಅದು ಗುಂಯ್ ಅಂದಾಗಲೆಲ್ಲ ಬೆಚ್ಚುತ್ತಿದ್ದರು. ನಾಲ್ಕು ದಿನದಿಂದ ಕಾಲೇಜಿಗೆ ಹೋಗಿರಲಿಲ್ಲ, ನಿದ್ದೆಯೂ ಇರಲಿಲ್ಲ.

ಪರೀಕ್ಷೆ ನೋಡಿಕೊಳ್ಳುವ ಹಿರಿಯ ಉಪನ್ಯಾಸಕರು ಡ್ಯೂಟಿ ಪಟ್ಟಿಯನ್ನು ಕಾಲೇಜಿನ ಗ್ರೂಪ್ ಮೇಲ್‌ಗೆ ಕಳಿಸಿದ್ದರು. ಲತಾ ಅವರ ಗೆಳತಿ "ಧನ್ಯವಾದ ಸರ್" ಅಂತ ಉತ್ತರಿಸಿದರು. ಆ ಉತ್ತರದ ಕೆಳಗೆ ರಿಪ್ಲೈ ಒತ್ತಿ, ಗೆಳತಿಗೆ ಅಂದುಕೊಂಡು ಲತಾ ಬರೆದರು: "ಶನಿವಾರದ ಡ್ಯೂಟಿ ಈ ಸಲವೂ ನಮಗೇ. ಇವರ ಕಣ್ಣಿಗೆ ಅತಿಥಿಗಳು ಅಂದ್ರೆ ಬಿಟ್ಟಿ ಆಳುಗಳು."

ಅದು 140 ಜನಕ್ಕೆ ಹೋಯಿತು.

"ಅವಳ ಹೆಸರಿನ ಕೆಳಗೇ ಒತ್ತಿದ್ದು ಮೇಡಂ, ಅವಳಿಗೇ ಹೋಗ್ಬೇಕಲ್ವಾ?" ಅಂತ ಅತ್ತರು. ಹೋಗಬೇಕಿತ್ತು ನಿಜ. ಆದರೆ ಆ ಗ್ರೂಪನ್ನು ಯಾರೋ ಎಲ್ಲ ಉತ್ತರವೂ ಎಲ್ಲರಿಗೂ ಹೋಗುವಂತೆ ಸೆಟ್ ಮಾಡಿದ್ದರು. ಒಬ್ಬರದ್ದು ಅಂತ ಕಾಣುವ ವಿಳಾಸ ಗುಂಪಿಗೆ ಹೋಗಬಹುದು, ನೋಡಿ ಕಳಿಸಿ ಅಂತ 1995ರ ಆರ್‌ಎಫ್‌ಸಿ 1855 ಎಂಬ ಇಂಟರ್‌ನೆಟ್ ನಡವಳಿಕೆಯ ಕೈಪಿಡಿಯಲ್ಲೇ ಬರೆದಿದ್ದಾರೆ. ಅಂದರೆ ಇದು ಅವರೊಬ್ಬರ ದಡ್ಡತನ ಅಲ್ಲ. ಇದನ್ನು ಕೇಳಿದ ಮೇಲೆ ಅವರ ಭುಜ ಸ್ವಲ್ಪ ಸಡಿಲವಾಯಿತು.

ನಿಜಕ್ಕೂ ಕೆಟ್ಟದ್ದು ಆಮೇಲೆ ಆಗಿತ್ತು. ಗಾಬರಿಯಲ್ಲಿ ಇವರು ಎಲ್ಲರಿಗೂ ಮೂರು ಸಲ ಕ್ಷಮೆ ಕೇಳಿದ್ದರು. ಮೂರನೆಯದರಲ್ಲಿ "ನಾನು ಬರೆದದ್ದೆಲ್ಲ ಸುಳ್ಳು" ಅಂತ ಕೂಡ ಸೇರಿಸಿದ್ದರು. ಅದಕ್ಕೆ ಕೆಲವರು ಪರವಾಗಿಲ್ಲ ಅಂದರು, ಕೆಲವರು ಎಲ್ಲರಿಗೂ ಕಳಿಸಬೇಡಿ ಅಂತ ಬೈದರು, ಅವೆಲ್ಲವೂ ಮತ್ತೆ 140 ಜನಕ್ಕೇ ಹೋದವು, ಮೇಲ್ ನೋಡದೇ ಇದ್ದವರೂ ಹುಡುಕಿ ಓದುವಂತಾಯಿತು.

ನಾನು ಕೇಳಿದೆ, "ಶನಿವಾರದ ವಿಷಯ ಸುಳ್ಳಾ?"

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಬ್ಯಾಗಿನಿಂದ ಡೈರಿ ತೆಗೆದರು. ಹಿಂದಿನ ಎರಡು ಸೆಮಿಸ್ಟರ್‌ಗಳ ಶನಿವಾರಗಳಿಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದ್ದರು. ಒಂಬತ್ತು ಇದ್ದವು.

ಗುಂಪಿಗೆ ಇನ್ನೊಂದು ಸಾಲೂ ಬರೆಯಬೇಡಿ ಅಂದೆ. ಸರ್ ಹತ್ತಿರ ಮುಖಾಮುಖಿ ಹೋಗಿ. "ಬಿಟ್ಟಿ ಆಳು" ಅಂದದ್ದಕ್ಕೆ, ಎಲ್ಲರ ಮುಂದೆ ಹಾಗಾಗಿದ್ದಕ್ಕೆ ಒಂದೇ ಸಲ ಕ್ಷಮೆ ಕೇಳಿ. ಶನಿವಾರದ ದೂರನ್ನು ಮಾತ್ರ ವಾಪಸ್ ತಗೋಬೇಡಿ, ಬೇಕಾದರೆ ಅದನ್ನು ಇನ್ನೊಂದು ದಿನ ಮಾತಾಡಿ. ಇಂಥ ಪ್ರಕರಣಗಳಲ್ಲಿ ನನಗೆ ಜಾಸ್ತಿ ಸಂಕಟ ಆಗುವುದು ಇಲ್ಲೇ. ಜನ ನಾಚಿಕೆಯಲ್ಲಿ ತಪ್ಪು ಮಾತಿನ ಜೊತೆ ನ್ಯಾಯದ ಮಾತನ್ನೂ ನುಂಗಿಬಿಡುತ್ತಾರೆ.

ಕಳಿಸುವ ಮೊದಲು "ಟು" ಸಾಲನ್ನು ಬೆರಳಿಟ್ಟು ಓದುವುದು, ಜಿಮೇಲ್‌ನಲ್ಲಿ ಕಳಿಸಿದ್ದನ್ನು ತಡೆಯುವ ಸಮಯವನ್ನು 30 ಸೆಕೆಂಡಿಗೆ ಏರಿಸುವುದು, ಸಿಟ್ಟಿನ ಮೇಲನ್ನು ಒಂದು ರಾತ್ರಿ ಇಟ್ಟುಕೊಳ್ಳುವುದು, ಇಷ್ಟನ್ನು ಅಲ್ಲೇ ಕೂತು ಮಾಡಿಕೊಂಡೆವು.

ಮುಂದಿನ ವಾರ ಬಂದಾಗ ಫೋನ್ ಮುಖ ಮೇಲಾಗಿತ್ತು. ಸರ್ ಮೊದಲು ಮುಖ ಗಂಟಿಕ್ಕಿಕೊಂಡೇ ಕೇಳಿದರಂತೆ. ಎರಡು ದಿನ ಬಿಟ್ಟು ಅವರೇ ಕರೆದು, "ಆ ಶನಿವಾರಗಳ ಲೆಕ್ಕ ಇದೆಯೇನಮ್ಮ?" ಅಂದರಂತೆ. ಲತಾ ಡೈರಿ ಕೊಟ್ಟು ಬಂದಿದ್ದರು.